ಮೃತ್ಯುಂಜಯನ ಪಾಚಿ ಸಂಹಾರ

ಗುಂಡ್ಲುಪೇಟೆಯ ಮೃತ್ಯುಂಜಯನಿಗೆ ಮದುವೆಯಾದಾಗಿನಿಂದ ಒಂದೇ ಆಸೆ. ಹೆಂಡತಿ ನಾಗಲಕ್ಷ್ಮಿ, ತನ್ನ ತಂಗಿ ನಯನಾ ಮತ್ತು ಅವಳ ಗಂಡ ಸೋಮಶೇಖರನ ಎದುರಿಗೆ, ಇವನನ್ನು ಒಂದು ಸಲ ಹೊಗಳಿಬಿಡಬೇಕು. ದುರಾಸೆಯೇನಲ್ಲ. ಆದರೆ ಚಾಮರಾಜನಗರದ ಆ ಷಡ್ಡಕ ಇದಾನಲ್ಲ, ಫ್ಯಾನು ರಿಪೇರಿಯಿಂದ ಹಿಡಿದು ಒಬ್ಬಟ್ಟು ತಟ್ಟುವವರೆಗೆ ಸಕಲ ಕಲಾವಲ್ಲಭ. ಅಂಥವನೊಬ್ಬ ಪಕ್ಕದ ತಾಲ್ಲೂಕಿನಲ್ಲಿದ್ದರೆ ಮಿಕ್ಕ ಗಂಡಂದಿರು ಬಾಳುವುದು ಹೇಗೆ?

ಮನೆ ಮುಂದೆ ಕೈತೋಟ ಮಾಡಿದ ಮೇಲೆ ಮೊದಲ ಸಲ ಅವರಿಬ್ಬರೂ ಭಾನುವಾರದ ಊಟಕ್ಕೆ ಬರುವವರಿದ್ದರು. ನಾಗಲಕ್ಷ್ಮಿ ಶನಿವಾರವೇ ಹರವೆಯ ತವರಿಗೆ ಹೊರಟಳು, ಅಲ್ಲಿಂದ ತಂಗಿಯ ಕಾರಿನಲ್ಲೇ ವಾಪಸು ಬರುವುದು ಅಂತ.

"ನಾನು ಬರೋಗಂಟ ಏನನ್ನೂ ಮುಟ್ಬೇಡಿ. ಸುಮ್ಕೆ ಕೂತಿರಿ, ಸಾಕು."

"ತೋಟದ ದಾರೀಲಿರೋ ಪಾಚಿನಾದ್ರೂ..."

"ಪಾಚಿ ಅದರ ಪಾಡಿಗೆ ಅದು ಅದೆ. ಅದೆಲ್ಲ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ, ಬುಡಿ."

ಆಗೋ ಕೆಲಸ ಅಲ್ಲವಂತೆ! ಮೃತ್ಯುಂಜಯನ ಪೌರುಷ ಕೆರಳಿತು (ವರ್ಷಕ್ಕೊಮ್ಮೆ ಕೆರಳುತ್ತದೆ, ಹೆಂಡತಿ ಊರಲ್ಲಿಲ್ಲದಾಗ). ದಾರಿಗೆ ಹಾಸಿದ್ದ ಸಿಮೆಂಟ್ ಬಿಲ್ಲೆಗಳು ಮಳೆ ಕುಡಿದೂ ಕುಡಿದೂ ಪಾಚಿ ಕಟ್ಟಿ ಕರ್ರಗಾಗಿದ್ದವು. ನೀರು ಬಿದ್ದರೆ ಮಿರಮಿರ ಮಿಂಚುತ್ತಿದ್ದವು. ಹೂವು ಕುಯ್ಯಲು ಹೋದ ಮೃತ್ಯುಂಜಯ ಅವುಗಳ ಮೇಲೆ ಸಾಷ್ಟಾಂಗ ಬಿದ್ದದ್ದೂ ಉಂಟು (ನೋಡಿದವರು ಭಕ್ತಿ ಅಂದುಕೊಂಡರು).

ಭಾನುವಾರ ಬೆಳಗಾಗುತ್ತಲೇ ಯುದ್ಧ ಶುರು. ಬ್ಲೀಚಿಂಗ್ ಪೌಡರ್ ಚೆಲ್ಲಿ, ನೀರು ಸುರಿದು, ತಂತಿ ಬ್ರಷ್ ಹಿಡಿದು ಕುಕ್ಕರಗಾಲಲ್ಲಿ ಕೂತ. ಒಂದು ಬಿಲ್ಲೆ ಬೆಳ್ಳಗಾಯಿತು. ಅದು ಬೆಳ್ಳಗಾದದ್ದೇ ತಪ್ಪು, ಪಕ್ಕದ್ದು ಇನ್ನೂ ಕರ್ರಗೆ ಕಂಡಿತು. ಅದನ್ನು ತಿಕ್ಕಿದರೆ ಅದರ ಪಕ್ಕದ್ದು. ಹೀಗೆ ಬಿಲ್ಲೆ ಬಿಲ್ಲೆ ಗೆದ್ದುಕೊಂಡು ಗೇಟು ಮುಟ್ಟುವ ಹೊತ್ತಿಗೆ ಅವನ ಸೊಂಟ ಸೋತು ಹೋಗಿತ್ತು, ಪಂಚೆ ತುಂಬ ಬ್ಲೀಚಿನ ತೂತು. ಆದರೂ ದಾರಿ ಮಾತ್ರ ಆಗ ತಾನೇ ಅಚ್ಚಿನಿಂದ ತೆಗೆದ ಹಾಗೆ ಫಳಫಳ ಅನ್ನುತ್ತಿತ್ತು. ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಕಾರು ಬಂದು ನಿಂತಿತು. ಹೊಗಳಿಕೆ ಸ್ವೀಕರಿಸಲು ಮೃತ್ಯುಂಜಯ ಬ್ರಷ್ ಸಮೇತ ಎದ್ದು ನಿಂತ. ಮೊದಲು ಇಳಿದ ನಾಗಲಕ್ಷ್ಮಿ ನೆಲ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ನೆಲ ನೋಡಿದಳು.

ಹಿಂದೆಯೇ ಬಂದ ನಯನಾ ಅತ್ತಿತ್ತ ನೋಡಿ, "ಅಕ್ಕ, ಫೋಟೋ ಕಳಿಸಿದ್ಯಲ್ಲ, ಆ ಕರಿ ಗ್ರಾನೈಟ್ ಎಲ್ಲಿ? ನಮ್ಮನೇದಕ್ಕಿಂತ ಮೇಲು ಅಂತ ನೀನೇ ಅಂದಿದ್ದೆ" ಅಂದಳು.

ಅಕ್ಕತಂಗಿಯರ ವಾಟ್ಸಾಪ್ ಗ್ರೂಪಿಗೆ ಗಂಡಸರಿಗೆ ಪ್ರವೇಶವಿಲ್ಲ. ಹಾಗಾಗಿ ತನ್ನ ಮನೆ ಮುಂದೆ ಇಷ್ಟು ದಿನ ಗ್ರಾನೈಟ್ ಇತ್ತೆಂಬ ಸಂಗತಿ ಮೃತ್ಯುಂಜಯನಿಗೆ ಗೊತ್ತಾದದ್ದೇ ಆಗ.

ನಾಗಲಕ್ಷ್ಮಿ ರೆಪ್ಪೆ ಬಡಿಯಲಿಲ್ಲ. "ಇದೇ ಕಣೆ ಅದು. ಬ್ಯಾಡ ಬ್ಯಾಡ ಅಂದ್ರೂ ಕೇಳ್ದೆ ನಿಮ್ಮ ಭಾವ ತಿಕ್ಕಿ ತಿಕ್ಕಿ ಕಲ್ಲಿನ ಬಣ್ಣಾನೇ ತಗ್ದುಬುಟ್ಟವ್ರೆ. ಅಲ್ವೇನ್ರೀ?"

ಆ 'ಅಲ್ವೇನ್ರೀ'ಯೊಳಗೆ ಅವನ ಮುಂದಿನ ಊಟ, ತಿಂಡಿ, ಕಾಫಿ ಎಲ್ಲವೂ ಅಡಗಿದ್ದವು.

"ಹೂಂ," ಅಂದ ಮೃತ್ಯುಂಜಯ. "ಒಸಿ ಜಾಸ್ತಿ ತಿಕ್ಕಿಬುಟ್ಟೆ."

ಸೋಮಶೇಖರ ಬಗ್ಗಿ ಬಿಲ್ಲೆಯನ್ನು ಬೆರಳಲ್ಲಿ ತಟ್ಟಿದ. ಎದ್ದು ಷಡ್ಡಕನ ಭುಜದ ಮೇಲೆ ಕೈಯಿಟ್ಟ. "ನಮ್ಮ ಚಾಮರಾಜನಗರದ ಕರಿಕಲ್ಲು ಎಲ್ಲೆಲ್ಲಿಗೋ ಹೋಗ್ತದೆ, ಅಣ್ಣ. ಬಣ್ಣ ಬುಟ್ಟಿದ್ದು ಎಲ್ಲೂ ಕೇಳಿಲ್ಲ. ಭಾರಿ ಕೈ ನಿಮ್ದು."

ಊಟವಾದ ಮೇಲೆ ಮೃತ್ಯುಂಜಯ ತನ್ನ ತಟ್ಟೆ ತೊಳೆಯಲು ಎದ್ದ. ನಯನಾ ಓಡಿ ಬಂದು ಅದನ್ನು ಕಿತ್ತುಕೊಂಡಳು.

"ನೀವು ಕೂತ್ಕೊಳಿ ಭಾವ. ಅಕ್ಕನ ಮನೇಲಿ ಸ್ಟೀಲಾದ್ರೂ ಸ್ಟೀಲಾಗೇ ಇರ್ಲಿ."

ಎಲ್ಲರಿಗಿಂತ ಜೋರಾಗಿ ನಕ್ಕವಳು ನಾಗಲಕ್ಷ್ಮಿ.