ನಲವತ್ತು ಚಿಕ್ಕಿ

ಶ್ರೀಪಾದ ಮಾಸ್ತರನ ಅಕ್ಷರ ಅಷ್ಟು ಅಚ್ಚುಕಟ್ಟಾಗಿ ಇರದಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಧಾರವಾಡದಿಂದ ಹೊಸ ನಮೂನೆಯ ಪರೀಕ್ಷೆಯ ಅಪ್ಪಣೆ ಬಂತು. ಪ್ರಶ್ನೆಗೆ ಅಂಕಿ, ಕೆಳಗೆ ನಾಲ್ಕು ಉತ್ತರ, ಒಂದೊಂದಕ್ಕೂ ಬೇರೆ ಸಾಲು, ಸರಿಯಾದ ಉತ್ತರದ ಮುಂದೆ ಒಂದು ಚಿಕ್ಕಿ, ಅಂದರೆ ನಕ್ಷತ್ರದ ಗುರುತು. ಆ ಚಿಕ್ಕಿ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರ ಪ್ರತಿಗೆ ಮಾತ್ರ. ಪ್ರೆಸ್ಸಿಗೆ ಕೊಡುವ ಪ್ರತಿಯಲ್ಲಿ ಇರಕೂಡದು. ಬೆಟಗೇರಿಯ ಹೈಸ್ಕೂಲೊಂದರಲ್ಲಿ ಮೂರು ವರ್ಷದಿಂದ ಹಂಗಾಮಿಯಾಗಿ ಒದ್ದಾಡುತ್ತಿದ್ದ ಶ್ರೀಪಾದ ಎರಡೂ ಪ್ರತಿಗಳನ್ನು ಮುತ್ತು ಪೋಣಿಸಿದಂತೆ ಬರೆದ. ಯಾವುದನ್ನು ಯಾರಿಗೆ ಕೊಟ್ಟೆ ಎಂದು ಮಾತ್ರ ನೋಡಲಿಲ್ಲ, ಪುಣ್ಯಾತ್ಮ.

ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಗದುಗಿನ ಪ್ರೆಸ್ಸಿನಲ್ಲಿ ಕಟ್ಟು ಬಿಚ್ಚಿ ನೋಡಿದ. ನಲವತ್ತು ಪ್ರಶ್ನೆ, ನಲವತ್ತು ಚಿಕ್ಕಿ. ಅಚ್ಚು ಜೋಡಿಸುವ ಖಾಜಾಸಾಬ ಹೆಮ್ಮೆಯಿಂದ ಪಕ್ಕದಲ್ಲೇ ನಿಂತಿದ್ದ.

"ನೀವು ಬರದಂಗ ಜೋಡ್ಸೀನ್ರಿ. ನಮ್ಮಲ್ಲಿ ಚಿಕ್ಕಿ ಕಡಿಮಿ ಬಿದ್ದೂ, ಬಾಜೂ ಪ್ರೆಸ್ಸಿನ್ಯಾಗ ಕಡಾ ತಂದೀನಿ. ಒಂದರೆ ಬಿಟ್ಟೈತೇನು ನೋಡ್ರಿ."

ಮತ್ತೆ ಹೊಡೆದು ಕೊಡೆಂದರೆ ಅಚ್ಚಿನ ಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗೆ ಹಾಕಿ ಮುಗಿದಿತ್ತು. ಪರೀಕ್ಷೆ ಹನ್ನೊಂದಕ್ಕೆ. ನೋಡಲು ಬರುವವರು ಖುದ್ದು ಇನ್ಸ್‌ಪೆಕ್ಟರ್ ಸಾಹೇಬರು. ಅವರ ವರದಿ ಚೆನ್ನಾಗಿ ಬಂದರೆ ಶ್ರೀಪಾದನ ನೌಕರಿ ಕಾಯಂ. ಕಾಯಂ ಆದರೆ ಲಕ್ಷ್ಮೇಶ್ವರದ ಹೆಣ್ಣು ಅವನಿಗೆ ಗಟ್ಟಿ. ಪೇಪರ್ ಬಯಲು ಮಾಡಿದ ಮಾಸ್ತರನಿಗೆ ಯಾರು ಹೆಣ್ಣು ಕೊಟ್ಟಾರು? ಕಟ್ಟು ಬಗಲಲ್ಲಿ ಇಟ್ಟುಕೊಂಡು ಬೆಟಗೇರಿಯವರೆಗೂ ಓಡುತ್ತ ನಡೆಯುತ್ತ ಬಂದ.

ಶಾಲೆಯ ಕೋಣೆಯಲ್ಲಿ ಸಲಹೆಗಳಿಗೇನೂ ಬರವಿರಲಿಲ್ಲ. ಡ್ರಿಲ್ ಮಾಸ್ತರ ಕುಬೇರಪ್ಪ ಬ್ಲೇಡು ತಂದು ಚಿಕ್ಕಿ ಹೆರೆದ. ಕಾಗದಕ್ಕೆ ತೂತು ಬಿದ್ದು, ಸರಿಯುತ್ತರ ಮೊದಲಿಗಿಂತ ದೂರದಿಂದ ಕಾಣತೊಡಗಿತು. ವಿಜ್ಞಾನ ಕಲಿಸುವ ವಿಮಲಾಬಾಯಿಯವರು ಮಸಿ ಮೆತ್ತಿದರು. ಈಗ ಉತ್ತರಗಳಿಗೆಲ್ಲ ದೃಷ್ಟಿಬೊಟ್ಟು ಇಟ್ಟಂತಾಯಿತು. ಕೊನೆಗೆ ಹೆಡ್‌ಮಾಸ್ತರ್ ಮಾರ್ತಾಂಡರಾಯರು ಕನ್ನಡಕ ಏರಿಸಿ, ಉಳಿದ ಮೂರು ಉತ್ತರಗಳಿಗೂ ಕೈಯಿಂದ ಚಿಕ್ಕಿ ಹಾಕಿಬಿಡಿ ಎಂದರು. ಶಭಾಸ್ ಎಂದು ಎಲ್ಲರೂ ಕೂತರು. ಪ್ರತಿಗೆ ನೂರಾ ಇಪ್ಪತ್ತು ಚಿಕ್ಕಿ, ಪ್ರತಿಗಳು ಅರವತ್ತು. ಹನ್ನೊಂದರ ಗಂಟೆ ಬಾರಿಸಿದಾಗ ನಾಲ್ಕು ಪ್ರತಿ ಮುಗಿದಿದ್ದವು. ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

ಪೇಪರ್ ಹಂಚಿದ್ದಾಯಿತು. ಸಾಹೇಬರು ಒಂದು ಪ್ರತಿ ಎತ್ತಿ ನೋಡಿ, ಶ್ರೀಪಾದನನ್ನು ನೋಡಿ, ಪರೀಕ್ಷೆ ಮುಗಿಯಲಿ ಎಂದಷ್ಟೇ ಹೇಳಿ ಕುಳಿತರು. ಅವನಿಗೆ ನಿಂತರೆ ಕೂಡಬೇಕು, ಕೂತರೆ ಏಳಬೇಕು. ನೀರಿಗೆಂದು ಮೂರು ಸಲ ಹೊರಗೆ ಹೋಗಿ ಒಂದು ಗುಟುಕೂ ಕುಡಿಯದೆ ಬಂದ. ಅರವತ್ತು ಮಕ್ಕಳಿಗೂ ನಲವತ್ತಕ್ಕೆ ನಲವತ್ತು ಬರುವುದು ಖಂಡಿತ, ಸಂಜೆಯೊಳಗೆ ತಾನು ನೌಕರಿ ಬಿಟ್ಟು ಮನೆಗೆ ಹೋಗುವುದೂ ಖಂಡಿತ ಎಂದು ಅವನ ಲೆಕ್ಕ.

ಸಾಹೇಬರು ಅಲ್ಲೇ ತಿದ್ದಲು ಕೂತರು. ಮೊದಲನೆಯದಕ್ಕೆ ಆರು. ಎರಡನೆಯದಕ್ಕೆ ಮೂರು. ಮುಂದಿನದಕ್ಕೆ ಸೊನ್ನೆ. ಎಲ್ಲ ಉತ್ತರಕ್ಕೂ ಚಿಕ್ಕಿ ಬಿದ್ದ ನಾಲ್ಕು ಪ್ರತಿಗಳು ಸಿಕ್ಕ ಮಕ್ಕಳಂತೂ ಖಾಲಿ ಹಾಳೆ ಕೊಟ್ಟಿದ್ದರು. ಶ್ರೀಪಾದನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರು ತರಗತಿಗೇ ಜಾಣೆಯೆಂದು ಹೆಸರಾದ ಅಮೃತವ್ವನನ್ನು ಕರೆಸಿ, ಚಿಕ್ಕಿ ಕಾಣಲಿಲ್ಲವೇ ಎಂದು ಕೇಳಿದರು.

"ಕಂಡಿದ್ದೂರಿ. ನಮ್ಮ ಮಾಸ್ತರ್ರು ಮೂರು ವರ್ಷದಾಗ ಒಂದು ಪ್ರಶ್ನಿನೂ ನೆಟ್ಟಗ ಕೇಳಿಲ್ರಿ. ಹಿಂಗ ಪುಗಸಟ್ಟೆ ಉತ್ತರ ತೋರಿಸ್ತಾರೇನ್ರಿ? ನಮ್ಮನ್ನ ಕೆಡವಾಕ ಹಾಕ್ಯಾರ ಅಂತ ಎಲ್ಲಾರೂ ಆದಷ್ಟು ಚಿಕ್ಕಿ ಇದ್ದದ್ದು ಬಿಟ್ಟು ಬರದ್ವಿ. ನನಗ ಉತ್ತರ ಗೊತ್ತಿದ್ದೂರಿ, ಆದರೂ ಬದಲಿ ಮಾಡಿದೆ."

ಸಾಹೇಬರು ಪೆನ್ನಿನ ಟೋಪಿ ತೆಗೆದರು.

"ಶ್ರೀಪಾದ ಮಾಸ್ತರ, ನೀವು ಪೇಪರ್ ಬಯಲು ಮಾಡಿಲ್ಲ, ಅದು ಖರೆ. ಹಂಗಂತ ಬರೀತೀನಿ."

ಶ್ರೀಪಾದ ಕೈಮುಗಿದ.

"ಆದರ, ಉತ್ತರ ಅಚ್ಚು ಹಾಕಿ ಕೈಯಾಗ ಕೊಟ್ಟರೂ ಅರವತ್ತರಾಗ ಒಬ್ಬರೂ ಪಾಸಾಗಲಿಲ್ಲ ಅಂತನೂ ಬರೀಬೇಕಲ್ಲ. ನೀವ ಹೇಳ್ರಿ, ನಿಮ್ಮನ್ನ ಹೆಂಗ ಕಾಯಂ ಮಾಡ್ಲಿ?"