ಎರಡು ಏಟು, ಒಂದು ರೈಟ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ!

ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ಮಂಗಳೂರಿನ ನಮ್ಮ ಬೋಳಾರದಲ್ಲಿ ಈ ಸುದ್ದಿ ತಿಳಿಯದವರು ಈಗ ಯಾರೂ ಇಲ್ಲ. ಮೀನು ಮಾರುವ ಹೆಂಗಸಿಗಂತೂ ಮತ್ತೆ ಮತ್ತೆ ಹೇಳಿದ್ದೇನೆ. ಕ್ರಿಶ್ಚಿಯನ್ನರಾದ ನಮ್ಮನ್ನು ಅವಳು ಪೊರ್ಬುಗಳೆಂದೇ ಕರೆಯುವುದು. "ನಿನ್ನೆ ಹೇಳಿದ ಮಗುವೇ ಅಲ್ವಾ ಪೊರ್ಬುಗಳೇ, ಅಲ್ಲ ಇದು ಬೇರೆಯಾ?" ಎಂದು ಅವಳು ಕೇಳಿದಳು. ಅದೇ ಮಗು. ಸುದ್ದಿ ಮಾತ್ರ ದಿನವೂ ಹೊಸದು.

ನಾನು ಹೆಚ್ಚು ಕಲಿತವನಲ್ಲ. ನಾಲ್ಕನೆಯ ಕ್ಲಾಸಿನಲ್ಲಿ ಶಾಲೆಗೂ ನನಗೂ ಪರಸ್ಪರ ಬೇಸರ ಬಂದು ಬೇರೆಯಾದೆವು. ಆದರೆ ಇಂಗ್ಲಿಷಿನ ಒಂದು ಶಬ್ದದ ಮೇಲೆ ನನಗಿರುವಷ್ಟು ಹಿಡಿತ ಪ್ರೊಫೆಸರಿಗೂ ಇರಲಿಕ್ಕಿಲ್ಲ. ಆ ಶಬ್ದ ‘ರೈಟ್’. ಟೀಚರಿಗೆ ರೈಟ್ ಎಂದರೆ ಕೆಂಪು ಶಾಯಿಯ ಗುರುತು. ನನ್ನ ಪುಸ್ತಕಕ್ಕೆ ಅದು ಅಪರೂಪದ ಅತಿಥಿ. ಟ್ರಾಫಿಕ್ ಪೊಲೀಸರಿಗೆ ಬಲಗಡೆ. ಯೂನಿಯನ್ನಿನವರಿಗೆ ಹಕ್ಕು. ನನ್ನ ಹೆಂಡತಿ ಸಿಸಿಲಿಗೆ, ತಾನು ಹೇಳಿದ್ದೆಲ್ಲ. ಸುರತ್ಕಲ್ ರೂಟಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನನಗೆ ರೈಟ್ ಎಂದರೆ ಒಂದೇ: ಹೊರಡು.

ಬಸ್ಸಿನ ಮೈಗೆ ಎರಡು ಏಟು, ಬಾಯಲ್ಲಿ ಒಂದು ರೈಟ್. ಬಸ್ಸು ಹೊರಟ ಮೇಲೆ ಓಡಿ ಫುಟ್‌ಬೋರ್ಡಿಗೆ ಹಾರುವುದು. ನಿಲ್ಲಿಸಬೇಕಾದರೆ ಒಂದು ಉದ್ದ ಸೀಟಿ. ನನ್ನ ಡ್ರೈವರ್ ಉಮ್ಮರ್ ಈ ಎರಡನ್ನು ಬಿಟ್ಟು ಮೂರನೆಯ ಮಾತಿಗೆ ಕಿವಿ ಕೊಟ್ಟವನಲ್ಲ. ಕನ್ನಡಿಯಲ್ಲಿ ಹಿಂದೆ ನೋಡಿದವನೂ ಅಲ್ಲ. "ಹಿಂದೆ ನೋಡ್ಲಿಕ್ಕೆ ನೀನಿದ್ದಿ ಅಲ್ವಾ ಲಾರೆನ್ಸ್?" ಎನ್ನುತ್ತಿದ್ದ. ಈಗ ಬಸ್ಸು ಬಿಟ್ಟು ಸ್ವಂತ ಓಮ್ನಿ ಬಾಡಿಗೆಗೆ ಓಡಿಸುತ್ತಾನೆ.

ಮಗು ಹುಟ್ಟಿದಂದಿನಿಂದ ನಾನು ಅದನ್ನು ಎತ್ತಿಕೊಂಡಿರಲಿಲ್ಲ. ಸಿಸಿಲಿ ಬಿಟ್ಟರೆ ತಾನೇ?

"ಅದು ಬಸ್ಸಿನ ಕಂಬಿ ಹಿಡಿದ ಕೈ. ಮಗು ಅಂದ್ರೆ ಕಂಬಿಯಾ?"

"ನಮ್ಮ ಪ್ರೆಸಿಯನ್ನು ಎತ್ತಿ ಬೆಳೆಸಲಿಲ್ವಾ ನಾನು?"

"ಹೌದು. ಅವಳನ್ನು ಹೆಗಲಿಗೆ ಹಾಕಿ ತಲೆಯನ್ನು ಬಾಗಿಲಿಗೆ ಹೊಡೆಸಿದ್ದೂ ನೀವೇ."

ಕೊನೆಗೆ ಒಂದು ಒಪ್ಪಂದವಾಯಿತು. ಅಳಿಯ ಗ್ಲೆನ್ ಸಂಜೆ ದುಬೈಯಿಂದ ಬಂದು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವನಿದ್ದ. ಅಷ್ಟರೊಳಗೆ ಬಾಣಂತಿ ಮಗಳು, ಮಗು, ಗಂಟುಮೂಟೆ ಎಲ್ಲವನ್ನೂ ಆಸ್ಪತ್ರೆಯಿಂದ ಗಲಾಟೆಯಿಲ್ಲದೆ ಮನೆಗೆ ತಲುಪಿಸಿದರೆ ಮಗು ನನ್ನ ಕೈಗೆ. ಇಲ್ಲವಾದರೆ ಮಗು ನಡೆಯಲು ಕಲಿಯುವವರೆಗೂ ನಾನು ದೂರದಿಂದ ಕೈಬೀಸಬೇಕು. ನಾನು ಮನಸ್ಸಿನಲ್ಲೇ ನಕ್ಕೆ. ಇಡೀ ಊರನ್ನು ಸುರತ್ಕಲ್ಲಿಗೆ ತಲುಪಿಸಿದವನಿಗೆ ಎರಡೂವರೆ ಜನ ಒಂದು ಲೆಕ್ಕವಾ?

ಆಸ್ಪತ್ರೆಯ ಬಾಗಿಲಲ್ಲಿ ಉಮ್ಮರನ ಓಮ್ನಿ ಬಂದು ನಿಂತಿತು. ನಾನು ಬಕೆಟು, ಫ್ಲಾಸ್ಕು, ದಿಂಬು ತುಂಬಿಸಿದೆ. ಸಿಸಿಲಿ ಮಗುವನ್ನು ಎರಡೂ ಕೈಯಲ್ಲಿ ಹಿಡಿಯಬೇಕೆಂದು ತನ್ನ ಚೀಲವನ್ನು ನನ್ನ ಹೆಗಲಿಗೆ ನೇತುಹಾಕಿ ಒಳಗೆ ಕುಳಿತಳು. ಪ್ರೆಸಿಯನ್ನು ನರ್ಸಮ್ಮ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ಅಷ್ಟರಲ್ಲಿ ಹಿಂದಿನಿಂದ ಮೂರ್ನಾಲ್ಕು ಗಾಡಿಗಳು ಹಾರ್ನ್ ಹಾಕತೊಡಗಿದವು.

ಹಾರ್ನ್ ಕೇಳಿದರೆ ನನ್ನ ಒಳಗಿನ ಕಂಡಕ್ಟರ್ ಎದ್ದು ನಿಲ್ಲುತ್ತಾನೆ. ಅವನನ್ನು ತಡೆಯಲು ನನ್ನಿಂದಾಗುವುದಿಲ್ಲ. ಬಾಗಿಲು ಎಳೆದೆ. ಓಮ್ನಿಯ ಮೈಗೆ ಎರಡು ಬಿಗಿದೆ.

"ರೈಟ್!"

ಉಮ್ಮರ್ ಹೊರಟ. ಹೊರಡದೆ ಇರುತ್ತಾನೆಯೇ? ನಾನು ಅಭ್ಯಾಸದಂತೆ ನಾಲ್ಕು ಹೆಜ್ಜೆ ಓಡಿ ಫುಟ್‌ಬೋರ್ಡಿಗೆ ಹಾರಿದೆ.

ಓಮ್ನಿಗೆ ಫುಟ್‌ಬೋರ್ಡ್ ಇಲ್ಲ.

ಆಸ್ಪತ್ರೆಯವರು ಬಾಗಿಲಲ್ಲಿ ಕ್ರೋಟನ್ ಗಿಡ ಏಕೆ ನೆಟ್ಟಿರುತ್ತಾರೆಂದು ನನಗೆ ಆ ದಿನ ತಿಳಿಯಿತು. ಎದ್ದು ಎಲೆ ಕೊಡವಿಕೊಳ್ಳುವಾಗ ಪಕ್ಕದಲ್ಲೇ ಗಾಲಿಕುರ್ಚಿ ನಿಂತಿತ್ತು.

"ಪಪ್ಪಾ, ಮಗು ಎಲ್ಲಿ?"

"ಹೋಯ್ತು."

"ಮಮ್ಮಿ?"

"ಅವಳೂ ಹೋದಳು."

"ಮತ್ತೆ ನಾನು?"

"ನೀನು ಇಲ್ಲೇ ಇದ್ದಿ ಅಲ್ವಾ ಮಗಾ."

ನರ್ಸಮ್ಮ ಆಚೆ ಮುಖ ಮಾಡಿ ನಿಂತರು. ಅವರ ಹೆಗಲು ಕುಲುಕುತ್ತಿತ್ತು.

ಪ್ರೆಸಿಯ ಕಣ್ಣಲ್ಲಿ ನೀರು ಬಂತು. "ಅದಕ್ಕೆ ಹಾಲು ಕುಡಿಸುವ ಹೊತ್ತು ಪಪ್ಪಾ. ಈಗ ಏಳ್ತದೆ." ಸಿಸಿಲಿಗೆ ಫೋನ್ ಮಾಡಿದೆ. ನನ್ನ ಹೆಗಲ ಮೇಲಿನ ಚೀಲ ರಿಂಗಾಯಿತು. ಉಮ್ಮರನಿಗೆ ಮಾಡಿದೆ. ಸ್ಟಿಯರಿಂಗ್ ಹಿಡಿದರೆ ಅವನು ಫೋನ್ ಮುಟ್ಟುವವನಲ್ಲ. ಎಂಥ ಶಿಸ್ತಿನ ಮನುಷ್ಯ! ಆ ಶಿಸ್ತಿಗೆ ಶಾಪ ಹಾಕುತ್ತ ಒಂದು ರಿಕ್ಷಾ ಹಿಡಿದು, ಪ್ರೆಸಿಯನ್ನು ಮೆಲ್ಲಗೆ ಕೂರಿಸಿ ಬೆನ್ನಟ್ಟಿದೆ. ಬಾಣಂತಿ ಇದ್ದಾಳೆಂದು ರಿಕ್ಷಾದವನು ಮದುವೆ ದಿಬ್ಬಣದ ವೇಗದಲ್ಲಿ ಓಡಿಸಿದ.

ಅತ್ತ ಓಮ್ನಿಯಲ್ಲಿ ನಡೆದದ್ದನ್ನು ಸಿಸಿಲಿ ಆಮೇಲೆ ಹೇಳಿದಳು, ಈಗಲೂ ಹೇಳುತ್ತಿದ್ದಾಳೆ. "ಉಮ್ಮರ್, ನಿಲ್ಸಿ, ಪ್ರೆಸಿ ಬಾಕಿ ಆದ್ಲು" ಎಂದು ಅವಳು ಕೂಗಿದಳಂತೆ. ಆದರೆ ಹಿಂದಿನ ಸೀಟಿನ ‘ನಿಲ್ಸಿ’ ಎಂಬ ಕೂಗನ್ನು ಕೇಳಿಸಿಕೊಳ್ಳದೆಯೇ ಉಮ್ಮರನ ಸರ್ವಿಸು ಮುಗಿದದ್ದು.

"ಸ್ಟಾಪಿಗೆ ನಿಲ್ತದೆ ಬಾಯಮ್ಮ, ಸ್ವಲ್ಪ ತಾಳಿ" ಎಂದನಂತೆ.

ಆಗ ನನ್ನ ಮೊಮ್ಮಗಳು ಎಚ್ಚರವಾದಳು. ಹಸಿವಿಗೆ ಬಾಯಿ ತೆರೆದು ಒಂದೇ ಉಸಿರಿಗೆ ಕಿರುಚಿದಳು. ಒಂದು ಉದ್ದ ಸೀಟಿ! ಉಮ್ಮರನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಯಾರು ಏನೇ ಹೇಳಲಿ, ರಕ್ತದ ಗುಣ ಎಲ್ಲಿಗೆ ಹೋಗುತ್ತದೆ?

ವಿಷಯ ತಿಳಿದ ಉಮ್ಮರ್ ಗಾಡಿ ತಿರುಗಿಸಿ ಆಸ್ಪತ್ರೆಗೆ ಬಂದ. ನಾವು ಅಷ್ಟರಲ್ಲಿ ಬೋಳಾರ ತಲುಪಿದ್ದೆವು. ಆಗ ಅವನ ಫೋನ್ ಬಂತು.

"ಎಲ್ಲಿದ್ದಿ ಮಾರಾಯ?"

"ಮನೆಯಲ್ಲಿ. ನೀನೆಂತ ಮಾಡ್ತಿದ್ದಿ ಅಲ್ಲಿ? ಇರು, ನಾವು ಈಗ..."

ಪ್ರೆಸಿ ಫೋನ್ ಕಸಿದುಕೊಂಡಳು. "ಉಮ್ಮರಾಕ, ನೀವು ಮಗುವನ್ನು ಇಲ್ಲಿಗೆ ತನ್ನಿ. ಪಪ್ಪ ಎಂತ ಹೇಳಿದ್ರೂ ಕೇಳ್ಬೇಡಿ."

ಓಮ್ನಿ ಅಂಗಳಕ್ಕೆ ಬರುವ ಮೊದಲೇ ಆ ಸೀಟಿ ಕೇಳಿಸಿತು. ಮಗು ತಾಯಿಯ ಮಡಿಲು ಸೇರಿ ಸುಮ್ಮನಾದ ಮೇಲೆ ನಾನೂ ಉಸಿರಾಡಿದೆ. ಸಿಸಿಲಿ ಚೀಲವನ್ನು ನನ್ನ ಹೆಗಲಿಂದ ತೆಗೆದುಕೊಂಡು ತೀರ್ಪು ಕೊಟ್ಟಳು: "ಕೈಬೀಸಿ. ದೂರದಿಂದ."

ಸಂಜೆ ಗ್ಲೆನ್ ಬಂದ. ಉಮ್ಮರನನ್ನೂ ಹೋಗಲು ಬಿಡಲಿಲ್ಲ. ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಸನ್ನ, ಕೋಳಿ ಸಾರು, ಮತ್ತು ನನ್ನ ಕಥೆ. ಗ್ಲೆನ್ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ನನಗೆ ಮಾತ್ರ ಸನ್ನ ಬೇಡವಾಗಿತ್ತು. ಬಟ್ಟಲು ಮುಟ್ಟದೆ ಕುಳಿತಿದ್ದೆ.

ಒಳಗೆ ಮಗು ಎದ್ದು ಅತ್ತಿತು. ಪ್ರೆಸಿ ಎಡಗೈಯಲ್ಲೇ ಎತ್ತಿಕೊಂಡು ಬಂದಳು. ಎಲ್ಲರ ಕೈಯೂ ಸಾರಿನಲ್ಲಿ. ಸಿಸಿಲಿ ಮೇಜಿನ ಸುತ್ತ ನೋಡಿದಳು. ಸಾರು ತಾಗದ ಕೈ ಇದ್ದದ್ದು ನನ್ನದು ಮಾತ್ರ.

"ಹಿಡೀರಿ," ಎಂದಳು. "ತಲೆ ನೋಡಿ. ಊಟಕ್ಕೆ ಮೊದಲು ಹಾಲು ಕುಡಿದದ್ದು, ತೇಗು ಬರ್ಲಿಲ್ಲ. ಬೆನ್ನು ಮೆಲ್ಲಗೆ ತಟ್ಟಿ."

ಹೆಗಲಿಗೆ ಹಾಕಿಕೊಂಡೆ. ಹತ್ತಿಯ ಹಾಗೆ ಹಗುರ. ಕುತ್ತಿಗೆಗೆ ಬಿಸಿ ಉಸಿರು ತಾಗಿತು. ನನ್ನ ಕಣ್ಣು ತುಂಬಿತು. ಬೆನ್ನಿಗೆ ಮೆಲ್ಲಗೆ ಎರಡು ತಟ್ಟಿದೆ. ಕೈ ಎರಡು ತಟ್ಟಿದ ಮೇಲೆ ಬಾಯಿ ಸುಮ್ಮನಿರಬೇಕಲ್ಲ!

"ರೈಟ್," ಎಂದೆ.

ಮರುಕ್ಷಣವೇ ನನ್ನ ಹೊಸ ಶರ್ಟಿನ ಬೆನ್ನ ಮೇಲೆ ಬೆಚ್ಚಗೆ ಹಾಲು ಇಳಿಯಿತು.

ಉಮ್ಮರ್ ಸನ್ನ ಮುರಿಯುತ್ತ ಹೇಳಿದ: "ಸರಿ ಉಂಟಲ್ಲ. ನೀನು ರೈಟ್ ಹೇಳಿದ ಮೇಲೆ ಹೊರಡದೆ ಎಂತ ಮಾಡುವುದು?"