ಮೋಟರಿನ ಕಾವಲಿಗೆ ನಾನು

ಧೈರ್ಯವಂತರ ಮುಂದೆ ನನಗೆ ಬಾಯೇ ಬರುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಪುಕ್ಕಲರಾದವರನ್ನು ಮಾತ್ರ ಹತ್ತಿರ ಕರೆದು ಈ ಸಂಗತಿ ಹೇಳುತ್ತಿದ್ದೇನೆ. ಉಳಿದವರು ಕೇಳಿಸಿಕೊಂಡರೂ ಕೇಳದವರ ಹಾಗೆ ಇದ್ದುಬಿಡಿ. ಹಾವಿಗೆ, ಗುಡುಗಿಗೆ, ಬಾಗಿಲಲ್ಲಿ ನಿಂತ ತಂತಿ ಅಂಚೆಯವನಿಗೆ ಹೆದರುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಹೆದರಿಕೆಗೆ ಒಂದು ಕಾರಣವಾದರೂ ಇರುತ್ತದೆ. ನನ್ನ ಜಾತಕವೇ ಬೇರೆ. ಎಲ್ಲವೂ ಸರಿಯಾಗಿ ನಡೆಯುತ್ತಿದ್ದರೆ ನನಗೆ ಎದೆ ಡವಗುಟ್ಟುತ್ತದೆ. ಮನೆಯಲ್ಲಿ ಪಂಪ್ ಸ್ಟೌ ಹಚ್ಚಿದರೆ ನಾನು ನಡುಮನೆ ದಾಟಿ ಜಗುಲಿಗೆ ಬಂದು ನಿಂತು, ಅಲ್ಲಿಂದಲೇ “ಸರೋಜಾ, ಸದ್ದು ಬದಲಾಯ್ತಲ್ಲ?” ಎಂದು ಕೂಗುತ್ತೇನೆ. “ಬದಲಾದರೆ ನಾನೇ ಹೇಳ್ತೀನಿ. ಅಷ್ಟರೊಳಗೆ ನಿಮಗೆ ಕಾಫಿ ಬೇಕೋ ಬೇಡವೋ, ಅದನ್ನ ಹೇಳಿ” ಎನ್ನುತ್ತಾಳೆ ನನ್ನ ಹೆಂಡತಿ. ಕಾಫಿ ಬೇಕು. ಅದನ್ನು ಸ್ಟೌ ಇಲ್ಲದೆ ಮಾಡುವಂತಿದ್ದರೆ ಇನ್ನೂ ಬೇಕು.

ಇಂಥ ನನಗೆ ಮದುವೆಯಾದ ಹೊಸತರಲ್ಲಿ ಗೋಪಿನಾಥಂ ಕಡೆ ಮರದ ಡಿಪೋವೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು. ಬಸ್ಸು ಇಳಿದವನಿಗೆ ಡಿಪೋದ ವಾಚರು ಮೊದಲು ತೋರಿಸಿದ್ದು ಕುರ್ಚಿಯನ್ನಲ್ಲ, ಹಿಂದಿನ ದಿನ ಆನೆ ಮುರಿದು ಹಾಕಿದ್ದ ಬೇಲಿಯನ್ನು. “ಪಯಪ್ಪಡಬೇಡಿ ಸಾ, ಅದು ಬಂದ್ರೆ ನಾವೇ ಕೂಗ್ತೀವಿ” ಎಂದ ಆ ಪುಣ್ಯಾತ್ಮ, ಅರ್ಧ ತಮಿಳಿನಲ್ಲಿ ಅರ್ಧ ಕನ್ನಡದಲ್ಲಿ. ಕೂಗಿದ ಮೇಲೆ ನಾನೇನು ಮಾಡಬೇಕೆಂದು ಅವನು ಹೇಳಲಿಲ್ಲ. ಬಂದ ಬಸ್ಸು ತಿರುಗಿ ಹೊರಡುವುದರೊಳಗೆ ನಾನು ಅದರೊಳಗೆ ಕುಳಿತಿದ್ದೆ. ಆಮೇಲೆ ಕೊಳ್ಳೇಗಾಲದಲ್ಲಿ ರೇಷ್ಮೆ ಎಳೆಗಳನ್ನು ಹುರಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಮಾಸ್ತೆ ಕೆಲಸ ಖಾಲಿ ಇದೆಯೆಂದು ತಿಳಿದಾಗ, ಯಂತ್ರಕ್ಕೆ ಸೊಂಡಿಲಿಲ್ಲ, ದಂತವಿಲ್ಲ, ಅದು ನಿಂತ ಕಡೆಯಿಂದ ಎದ್ದು ಬರುವುದಿಲ್ಲ ಎಂದು ಲೆಕ್ಕ ಹಾಕಿ ಸೇರಿಕೊಂಡೆ. ನನ್ನ ಲೆಕ್ಕಗಳೆಲ್ಲ ಹೀಗೆಯೇ.

ಯಜಮಾನರು ಗುರುಮಲ್ಲಪ್ಪನವರು, ಬಂಡಳ್ಳಿ ಕಡೆಯ ಜಮೀನುದಾರರು. ಹಣೆ ತುಂಬ ಮೂರು ಬೆರಳಿನ ವಿಭೂತಿ, ಬಾಯಿ ತುಂಬ ಗಟ್ಟಿ ದನಿ, ಒಳಗೆ ಕೆಟ್ಟತನವಿಲ್ಲ; ಆದರೆ ಒಳಗಿನದು ನಮ್ಮಂಥವರಿಗೆ ಕಾಣುವ ಹೊತ್ತಿಗೆ ಹೊರಗಿನದು ಕೇಳಿ ಜೀವ ಹೋಗಿರುತ್ತದೆ. ತಗಡಿನ ಚಾವಣಿಯ ಉದ್ದನೆಯ ಷೆಡ್ಡಿನಲ್ಲಿ ಎಂಟು ಹುರಿ ಯಂತ್ರಗಳು. ಎಂಟಕ್ಕೂ ಮೋಟರು ಒಂದೇ. ಮೇಲೆ ಷೆಡ್ಡಿನ ಉದ್ದಕ್ಕೂ ತಿರುಗುವ ಕಬ್ಬಿಣದ ಶಾಫ್ಟು, ಅದರಿಂದ ಒಂದೊಂದು ಯಂತ್ರಕ್ಕೂ ಇಳಿಬಿದ್ದ ತೊಗಲಿನ ಬೆಲ್ಟು. ಯಾವ ಯಂತ್ರದ ಮುಂದೆ ನಿಂತರೂ ಅದು ತನ್ನಷ್ಟಕ್ಕೆ ತಾನೇ ತಿರುಗುತ್ತಿದೆ, ಯಾರ ಹಂಗೂ ಇಲ್ಲ ಎಂದೇ ಕಾಣುತ್ತಿತ್ತು. ಎಂಟನ್ನೂ ಹೊತ್ತುಕೊಂಡ ಮೋಟರು ಮಹಾಶಯ ಮಾತ್ರ ಮೂಲೆಯ ತಂತಿಬಲೆಯ ಗೂಡಿನಲ್ಲಿ ಒಬ್ಬನೇ ಗುಂಯ್‌ಗುಡುತ್ತಿದ್ದ. ಅವನು ಸುಟ್ಟರೆ ಎಂಟೂ ನಿಂತವು. ಸುತ್ತಿದ ತಂತಿ ಬಿಚ್ಚಿಸಿ ಮತ್ತೆ ಸುತ್ತಿಸಿ ತರಬೇಕೆಂದರೆ ಮೈಸೂರಿಗೆ ಕಳಿಸಬೇಕು; ಅಲ್ಲಿಯವರೆಗೆ ಕೆಲಸದ ಹೆಂಗಸರೆಲ್ಲ ಮನೆಯಲ್ಲಿ ಕೂರಬೇಕು, ಬೀದಿಯ ನೇಕಾರರ ಮಗ್ಗಗಳಿಗೆ ನೂಲಿಲ್ಲ.

ನನ್ನ ಕೆಲಸವೆಂದರೆ ಅವನನ್ನು ಕಾಯುವುದು. ಗೂಡಿನ ಪಕ್ಕದ ಹಲಗೆಯ ಮೇಲೆ ಎಷ್ಟು ಕರೆಂಟು ಎಳೆಯುತ್ತಿದೆಯೆಂದು ತೋರಿಸುವ ಒಂದು ದುಂಡನೆಯ ಮೀಟರಿತ್ತು. ಅರ್ಧ ಗಂಟೆಗೊಮ್ಮೆ ಹೋಗಿ ಮುಳ್ಳು ಎಲ್ಲಿದೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಹದಿನೈದರ ಹತ್ತಿರ ಇದ್ದರೆ ಕ್ಷೇಮ. ಇಪ್ಪತ್ತಕ್ಕೆ ಕೆಂಪು ಗೆರೆ. ಅದನ್ನು ದಾಟಿದರೆ ಸ್ವಿಚ್ಚಿನ ಹಿಡಿ ಎಳೆದು ಎಲ್ಲವನ್ನೂ ನಿಲ್ಲಿಸಬೇಕು. ಆ ಹಿಡಿಯನ್ನು ನೋಡಿದರೇ ನನಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಹೋಗುವಾಗ ಹೆದರಿಕೆ, ಮುಳ್ಳು ನೋಡುವಾಗ ಹೆದರಿಕೆ, ಹದಿನೈದೇ ಇದ್ದರೆ ಮುಂದಿನ ಅರ್ಧ ಗಂಟೆಯಲ್ಲಿ ಏನಾಗುವುದೋ ಎಂದು ಅದಕ್ಕಿಂತ ಹೆಚ್ಚಿನ ಹೆದರಿಕೆ. ಈ ಕೆಲಸವನ್ನೇ ಮಾದಮ್ಮ ಮೀಟರಿಲ್ಲದೆ ಮಾಡುತ್ತಿದ್ದಳು. ಅವಳು ಹೆಂಗಸರಲ್ಲೆಲ್ಲ ಹಿರಿಯಳು, ಷೆಡ್ಡಿಗೆ ತಗಡು ಹೊದಿಸಿದ ದಿನದಿಂದ ಅಲ್ಲಿದ್ದವಳು, ಓದುಬರಹ ಬಾರದವಳು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ. ನೀರು ಕುಡಿಯಲು ಹೋಗುವಾಗ ಗೂಡಿನ ಬಾಗಿಲು ತೆರೆದು ಮೋಟರಿನ ಬೆನ್ನಿಗೆ ಅಂಗೈ ಇಟ್ಟು, “ಊಂ, ಚೆಂದಾಗವ್ನೆ” ಎಂದು ಹೇಳಿ ಹೋಗುವಳು. ನಾನು ಎರಡು ಮಾರು ದೂರದಲ್ಲಿ ಕಣ್ಣು ಮುಚ್ಚಿ ನಿಂತಿರುತ್ತಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆ ವರ್ಷದ ಆಯುಧಪೂಜೆಗೆ ಯಜಮಾನರು ಹನೂರಿನಲ್ಲಿ ಯಾರೋ ಮಾರಿದ ಒಂದು ಹಳೆಯ ಹುರಿ ಯಂತ್ರ ತಂದು ಒಂಬತ್ತನೆಯದಾಗಿ ನಿಲ್ಲಿಸಿ, ಒಳ್ಳೆಯ ದಿನವೆಂದು ಅವತ್ತೇ ಬೆಲ್ಟು ಏರಿಸಿದರು. ಬೂದುಗುಂಬಳ ಒಡೆದು, ಎಲ್ಲಕ್ಕೂ ಹೂ ಹಾಕಿ, ಎಲ್ಲಕ್ಕೂ ತಮ್ಮ ಕೈಯಾರೆ ವಿಭೂತಿ ಬಳಿದರು. ಯಂತ್ರಗಳಿಗಾಯಿತು, ಮೋಟರಿಗಾಯಿತು, ತಕ್ಕಡಿಗಾಯಿತು. ಕೊನೆಗೆ ಬಟ್ಟಲಲ್ಲಿ ಉಳಿದದ್ದನ್ನು ದಂಡ ಮಾಡಬಾರದೆಂದು ಕಲಸಿ ಮೀಟರಿನ ಗಾಜಿನ ಮೇಲೂ ಮೂರು ಬೆರಳು ಎಳೆದು ಕೈಮುಗಿದರು. ದಪ್ಪಗೆ, ಭಕ್ತಿಯಿಂದ ಎಳೆದಿದ್ದರು. ಮಾರನೆಯ ದಿನ ನಾನು ಹೋಗಿ ನೋಡಿದರೆ ಒಣಗಿ ಗಾರೆಯ ಹಾಗೆ ಕೂತಿದೆ. ಮುಳ್ಳೂ ಕಾಣದು, ಅಂಕಿಯೂ ಕಾಣದು, ಕೆಂಪು ಗೆರೆಯಂತೂ ಕೈಲಾಸ ಸೇರಿತ್ತು.

ಒರೆಸಬಹುದಿತ್ತಲ್ಲ ಎನ್ನುತ್ತೀರಿ. ಯಜಮಾನರು ಕೈಯಾರೆ ಇಟ್ಟ ಪೂಜೆಯ ವಿಭೂತಿ ಸ್ವಾಮಿ! ಅದು ತಾನಾಗಿ ಉದುರಬೇಕು, ಒರೆಸಬಾರದು ಎಂದು ನಮ್ಮ ಯಳಂದೂರಿನ ಮನೆಯಲ್ಲಿ ನಮ್ಮಜ್ಜಿ ಪೆಟ್ಟಿಗೆ, ಒನಕೆ, ಇಳಿಗೆಮಣೆಗಳಿಗೆಲ್ಲ ಕಾನೂನು ಮಾಡಿಟ್ಟಿದ್ದಳು. ಒರೆಸಿದರೆ ಶಿವನಿಗೆ ಕೋಪ, ಶಿವ ಕ್ಷಮಿಸಿದರೂ ಯಜಮಾನರಿಗೆ ಕೋಪ. ಕೇಳೋಣವೆಂದರೆ ಕೇಳಲು ಹೆದರಿಕೆ. ಹಬ್ಬದ ಹಿಂದಿನ ದಿನ ಮುಳ್ಳು ಹದಿನೈದರಲ್ಲಿತ್ತಲ್ಲ, ಅದೇನು ಊರು ಬಿಟ್ಟು ಹೋಗಿರುತ್ತದೆಯೇ ಎಂದುಕೊಂಡು ಹದಿನೈದು ಎಂದು ಬರೆದೆ. ಅರ್ಧ ಗಂಟೆ ಬಿಟ್ಟು ಮತ್ತೆ ಹದಿನೈದು. ಮೂರನೆಯ ದಿನಕ್ಕೆ ನನಗೆ ಇನ್ನೊಂದು ಬುದ್ಧಿ ಹೊಳೆಯಿತು: ನೋಡಿದರೂ ಕಾಣದ ಮೀಟರಿನ ಮುಂದೆ ದಿನಕ್ಕೆ ಇಪ್ಪತ್ತು ಸಲ ಹೋಗಿ ಹೆದರುವುದಕ್ಕಿಂತ ಬೆಳಿಗ್ಗೆ ಒಂದೇ ಸಲ ಹೆದರಿ ಮುಗಿಸಬಾರದೇಕೆ? ಬಂದ ತಕ್ಷಣ ಸಂಜೆ ಆರರವರೆಗಿನ ಸಾಲುಗಳನ್ನೆಲ್ಲ ತುಂಬಿಬಿಟ್ಟೆ. ನಡುನಡುವೆ ಹದಿನಾಲ್ಕು, ಹದಿನಾರು ಹಾಕಿದೆ. ಎಲ್ಲಾ ಹದಿನೈದೇ ಆದರೆ ನೋಡಿದವರಿಗೆ ಅನುಮಾನ ಬರುತ್ತದಲ್ಲ. ಹೆದರುವವನಿಗೆ ಕಳ್ಳತನ ಎಷ್ಟು ಬೇಗ ಕೈಹಿಡಿಯುತ್ತದೆ ನೋಡಿ.

ಹಬ್ಬ ಕಳೆದು ಒಂದು ವಾರವಾಗಿತ್ತು. ಯಜಮಾನರು ಅಗರದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ನಾನು ಬುತ್ತಿಯ ಮೊಸರನ್ನ ಮುಗಿಸಿ ಕೈತೊಳೆದು ಕೂತಿದ್ದೇನೆ, ಮಾದಮ್ಮ ಸೆರಗಿಗೆ ಅಂಗೈ ಉಜ್ಜಿಕೊಳ್ಳುತ್ತಾ ಬಂದಳು.

“ಸಾ, ಮೋಟ್ರು ಬಾಳ ಬಿಸಿ ಆಗದೆ. ಕೈ ಮಡಗಕ್ಕಾಗ್ನಿಲ್ಲ.”

“ಹಾಗೇನಿಲ್ಲಮ್ಮ, ಎಲ್ಲಾ ಸರಿಯಾಗಿದೆ. ಇಲ್ಲಿ ನೋಡು” ಎಂದು ಪುಸ್ತಕ ಬಿಚ್ಚಿ ತೋರಿಸಿದೆ.

ಅವಳು ಪುಸ್ತಕವನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಅದ್ರಲ್ಲಿ ಸುಟ್ಟ ವಾಸ್ನೆನೂ ಬರ್ದಿದ್ದಿರಾ ಸಾ?”

ಆಗ ನನಗೂ ಮೂಗಿಗೆ ಬಡಿಯಿತು. ಮೆರುಗೆಣ್ಣೆ ಕಾಯಿಸಿದಂಥ ವಾಸನೆ. ಎದ್ದು ಸ್ವಿಚ್ಚಿನ ತನಕ ಓಡಿದೆ, ಓಡಿದ್ದು ನಿಜ, ಅಲ್ಲಿ ನಿಂತೆ, ನಿಂತದ್ದೂ ನಿಜ. ಕೈ ಮೇಲೇಳಲಿಲ್ಲ. “ಯಜಮಾನರು ಬರಲಿ, ಕೇಳೋಣ” ಎಂದೆ.

“ಅವ್ರು ಬರೋಗಂಟ ಇದು ಇರ್ಬೇಕಲ್ಲ ಸಾ! ಜರುಗಿ ಅತ್ಲಾಗೆ” ಎಂದವಳೇ ಮಾದಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಹಿಡಿಯನ್ನು ಎಳೆದೇಬಿಟ್ಟಳು. ಬೆಲ್ಟುಗಳು ಪಟಪಟ ಬಡಿದುಕೊಂಡು ನಿಂತವು. ಷೆಡ್ಡು ಇದ್ದಕ್ಕಿದ್ದ ಹಾಗೆ ಮೌನವಾಗಿ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನಾನೇ ನಿಲ್ಲಿಸಿದೆನೆಂದು ತಿಳಿದು ಒಬ್ಬಿಬ್ಬರು ಮೆಚ್ಚಿಗೆಯಿಂದ ನೋಡಿದರು. ನಾನು ಅಲ್ಲವೆನ್ನಲಿಲ್ಲ.

ಯಜಮಾನರು ಬಂದಾಗ ನಾಲ್ಕು ಗಂಟೆ. ಸಂಜೆಯೊಳಗೆ ನೇಕಾರರಿಗೆ ನೂಲು ಕೊಡುತ್ತೇನೆಂದು ಮಾತು ಕೊಟ್ಟಿದ್ದವರು, ಒಂಬತ್ತು ಯಂತ್ರಗಳೂ ನಿಂತಿರುವುದನ್ನು ಬಾಗಿಲಲ್ಲೇ ಕಂಡರು. ಚಾವಣಿಯ ತಗಡು ಗಡಗಡಿಸಿತು.

“ಯಾರು ನಿಲ್ಲಿಸ್ದೋರು?”

“ನಾನೇ ಯಜಮಾನ್ರೆ. ಮೋಟ್ರು ಕೆಂಡ ಆಗಿತ್ತು” ಎಂದಳು ಮಾದಮ್ಮ.

ಅವರು ಗೂಡಿಗೆ ಹೋಗಿ ಮೋಟರಿನ ಮೇಲೆ ಕೈಯಿಟ್ಟರು. ನಿಂತು ಒಂದೂವರೆ ಗಂಟೆಯಾಗಿತ್ತು. ಕಾವು ಇಳಿದು, ವಾಸನೆಯೂ ಹೋಗಿತ್ತು. “ಎಲ್ಲಮ್ಮ ಕೆಂಡ? ಒಂಬತ್ತನೇ ಮಿಷನ್ ಬಂದಾಗಿಂದ ನಿಮಗೆಲ್ಲ ಮೈಗಳ್ಳತನ. ಗುಮಾಸ್ತರೇ, ಪುಸ್ತಕ ತನ್ನಿ.”

ತಂದೆ. ನನ್ನ ಕಾಲೇ ತಂದಿತು, ನಾನಲ್ಲ. ಅವರು ಬೆರಳಿಟ್ಟು ಓದಿದರು: ಒಂದು ಗಂಟೆ, ಹದಿನೈದು. ಒಂದೂವರೆ, ಹದಿನಾಲ್ಕು. ಎರಡು, ಹದಿನೈದು. ಪುಸ್ತಕವನ್ನು ಮುಚ್ಚಿದರು. “ಮೀಟರು ಸುಳ್ಳು ಹೇಳ್ತದಾ? ನಿನ್ನ ಅಂಗೈ ದೊಡ್ಡದಾ? ನಾಳೆಯಿಂದ ನೀನು ಬರಬೇಡ ಮಾದಮ್ಮ.”

ಮಾದಮ್ಮ ಅಳಲಿಲ್ಲ, ಕೂಗಾಡಲಿಲ್ಲ. “ಸಾ, ನಿಮ್ಗೂ ವಾಸ್ನೆ ಬಂತಲ್ಲ, ಯೋಳಿ ಸಾ” ಎಂದು ನನ್ನ ಮುಖ ನೋಡಿದಳು. ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಸರೋಜ, ಮತ್ತೆ ಗೋಪಿನಾಥಂ, ಆನೆ, ಎಲ್ಲ ಕಣ್ಣಮುಂದೆ ಬಂದವು. ಹೇಳದಿದ್ದರೆ ನನ್ನ ಮೋಟರು ಉಳಿಸಿದವಳ ಒಲೆ ಆರುತ್ತದೆ, ಅದೂ ನನ್ನ ಅಕ್ಷರದಿಂದಲೇ. ಹುಟ್ಟಿದಾಗಿನಿಂದ ಹೆದರಿದ್ದೇನೆ, ಆದರೆ ಅಷ್ಟು ಅಸಹ್ಯವಾಗಿ ಹೆದರಿದ್ದು ಅದೇ ಮೊದಲು. ಕೊನೆಗೆ ಯಜಮಾನರ ಕೈಯಿಂದ ಪುಸ್ತಕ ತೆಗೆದುಕೊಂಡು, ಅದೇ ಪುಟ ಬಿಚ್ಚಿ, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಹಿಡಿದೆ.

ಆರು ಗಂಟೆ, ಹದಿನೈದು.

ಅವರು ಸಾಲನ್ನು ನೋಡಿದರು. ಗೋಡೆಯ ಗಡಿಯಾರ ನೋಡಿದರು. ನಾಲ್ಕೂ ಹತ್ತು. ಮತ್ತೆ ಸಾಲನ್ನು ನೋಡಿದರು. “ನಿಂತ ಮೋಟರನ್ನ ಆರು ಗಂಟೆ ತನಕ ಓಡಿಸಿದ್ದೀರಲ್ರೀ!” ಎಂದರು. ಆಗ ಅಣೆಕಟ್ಟು ಒಡೆದು ಎಲ್ಲ ಹೊರಬಿತ್ತು: ಕಾಣದ ಮುಳ್ಳು, ವಿಭೂತಿ, ಅಜ್ಜಿಯ ಕಾನೂನು, ಹದಿನಾಲ್ಕು, ಹದಿನಾರು. ಅವರು ನಿಂತು ಪೂರ್ತಿ ಕೇಳಿದರು.

“ಅಲ್ರೀ ಗುಮಾಸ್ತರೇ, ದಿನಾ ವಿಭೂತಿ ಹಚ್ಕೊಳ್ಳೋನು ನಾನು. ಬೆಳಿಗ್ಗೆ ಎದ್ದು ಮುಖ ತೊಳೆಯಲ್ವೇನ್ರಿ?”

ಹೆಗಲ ವಲ್ಲಿಯ ತುದಿಯನ್ನು ನೀರಿಗೆ ಅದ್ದಿ ತಾವೇ ಗಾಜು ಒರೆಸಿದರು. ಒಂಬತ್ತೂ ಬೆಲ್ಟು ಏರಿಸಿ ಮೋಟರು ಹಾಕಿಸಿದರು. ಶಾಫ್ಟು ಓಟ ಹಿಡಿದ ಮೇಲೆ ಮುಳ್ಳು ಹದಿನೈದು ದಾಟಿ, ಇಪ್ಪತ್ತು ದಾಟಿ, ಕೆಂಪು ಗೆರೆಯ ಆಚೆಗೆ ಹೋಗಿ ಅಲ್ಲೇ ನಿಂತಿತು. ಯಜಮಾನರು ತಾವೇ ಹಿಡಿ ಎಳೆದರು. ಒಂಬತ್ತರಲ್ಲಿ ಒಂದು ಯಾವಾಗಲೂ ಸರದಿಯ ಮೇಲೆ ಸುಮ್ಮನಿರಬೇಕು, ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲ ಎಂದು ತೀರ್ಪಾಯಿತು. “ನಂದು ತಪ್ಪಾಯ್ತು ಮಾದಮ್ಮ” ಎಂದರು, ಅದೂ ಅದೇ ಗಟ್ಟಿ ದನಿಯಲ್ಲಿ. ನನಗೆ ಸಿಕ್ಕ ಶಿಕ್ಷೆ ಬೇರೆ: ಇನ್ನು ಮೇಲೆ ಬರೀ ಮೀಟರು ನೋಡಿದರೆ ಸಾಲದು, ಪ್ರತಿ ಸಲವೂ ಮಾದಮ್ಮನ ಎದುರಿಗೆ ಮೋಟರಿನ ಮೇಲೆ ಅಂಗೈ ಇಡಬೇಕು, ಕಂಡದ್ದನ್ನೇ ಬರೆಯಬೇಕು. ಕೆಲಸ ಬಿಡಿಸಿದ್ದರೇ ವಾಸಿಯಾಗಿತ್ತೇನೋ ಎನ್ನಿಸಿತು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಗೂಡಿನ ಮುಂದೆ ನಿಂತೆ. ಹಿಂದೆ ಮಾದಮ್ಮ, ಅವಳ ಹಿಂದೆ ಹೆಂಗಸರೆಲ್ಲ. ಮನೆದೇವರನ್ನು ನೆನೆದು, ಕಣ್ಣು ಬಿಗಿಯಾಗಿ ಮುಚ್ಚಿ ಮೋಟರಿನ ಮೇಲೆ ಅಂಗೈ ಇಟ್ಟೆ. ಅಯ್ಯೋ! ಗಡಗಡ ಅದುರುತ್ತಿದೆ! “ನಿಲ್ಲಿಸ್ರೀ, ನಿಲ್ಲಿಸ್ರೀ! ಬೇರಿಂಗು ಹೋಗಿದೆ, ಮೋಟರು ನಡುಗ್ತಾ ಇದೆ!” ಎಂದು ಕಿರುಚಿಕೊಂಡೆ.

ಮಾದಮ್ಮ ಬಂದು ತನ್ನ ಕೈಯನ್ನೂ ಪಕ್ಕದಲ್ಲಿಟ್ಟಳು. ಮೆಲ್ಲಗೆ, ಹಿಂದಿನವರಿಗೆ ಕೇಳದ ಹಾಗೆ ಹೇಳಿದಳು: “ಸಾ, ಮೋಟ್ರು ಇನ್ನೂ ಸುರು ಮಾಡೇ ಇಲ್ಲ. ನಡುಗ್ತಿರದು ನಿಮ್ ಕೈ ಕಣ್ ಸಾ.”

ಕಣ್ಣು ಬಿಟ್ಟೆ. ಮುಳ್ಳು ಸೊನ್ನೆಯಲ್ಲಿತ್ತು. “ಕಂಡಿದ್ನೇ ಬರೀರಿ ಅಂದವ್ರೆ ಯಜಮಾನ್ರು” ಎಂದು ಅವಳೇ ಪುಸ್ತಕ ತಂದು ಮುಂದೆ ಹಿಡಿದಳು. ಬರೆದೆ. ಎಂಟು ಗಂಟೆ: ಮೋಟರು ನಿಂತಿದೆ, ನಡುಕ ಗುಮಾಸ್ತನದು. ಆ ಪುಸ್ತಕದಲ್ಲಿ ಹಬ್ಬವಾದ ಮೇಲೆ ನಾನು ಬರೆದ ಮೊದಲ ನಿಜ ಅದು.